ಇಟಗಿ ಕೆರಿಮನಿಯ ಪಿಟೀಲು

ಲಿಂಗಸೂಗೂರಿನ ತಹಶೀಲ್ ಕಚೇರಿಯಲ್ಲಿ ಕಾಗದಪತ್ರ ನೋಡುವ ಅಹಲ್ಕಾರ ಅಮರಗುಂಡಪ್ಪನವರಿಗೆ ಹನ್ನೆರಡು ವರ್ಷಗಳಿಂದ ಒಂದೇ ತಕರಾರು. ತಮ್ಮ ಪಿಟೀಲು ಸರಿಯಿಲ್ಲ. ಕೈ ಸರಿಯಿದೆ, ಕಿವಿ ಸರಿಯಿದೆ, ಸಾಧನೆಯಂತೂ ಓಣಿಗೆಲ್ಲ ಗೊತ್ತಿದೆ (ಓಣಿಯವರು ಅದನ್ನು ಬೇರೆ ಹೆಸರಿನಿಂದ ಕರೆಯುತ್ತಿದ್ದರು), ಆದರೆ ಪಿಟೀಲು ಸರಿಯಿಲ್ಲ. ಶ್ರುತಿ ತಪ್ಪಿದರೆ ಬಿರಡೆ ಸಡಿಲ. ತಾಳ ತಪ್ಪಿದರೆ ಕಮಾನಿನ ಕೂದಲು ಸವೆದಿದೆ. ಪದವೇ ಮರೆತುಹೋದರೆ ಹವೆ ಬದಲಾಗಿ ಪಿಟೀಲಿನ ಹೊಟ್ಟೆಯಲ್ಲಿ ಥಂಡಿ ಸೇರಿಕೊಂಡಿದೆ.

ಭಜನೆಯ ಮೇಳ ನಡೆಸುತ್ತಿದ್ದ ಕರಿಬಸಯ್ಯನವರು ಹನ್ನೊಂದು ವರ್ಷ ಈ ಸಮಜಾಯಿಷಿಯನ್ನು ಶಾಂತಚಿತ್ತದಿಂದ ಕೇಳಿದರು. ಹನ್ನೆರಡನೆಯ ವರ್ಷ ಅವರ ಶಾಂತಿ ತೀರಿತು. ಮಸ್ಕಿಯಲ್ಲಿ ಶ್ರಾವಣ ಸೋಮವಾರದ ಭಜನೆಗೆ ತಮ್ಮ ಬಲಗಡೆಯ ಚಾಪೆಯ ಮೇಲೆ ಕೂಡುವವರು ಯಾರು ಎಂಬುದನ್ನು ಈ ಸಲ ನೋಡಿ ತೀರ್ಮಾನಿಸುತ್ತೇನೆ ಎಂದುಬಿಟ್ಟರು. ಪಿಟೀಲು ಸರಿಹೋದರೆ ಅಮರಗುಂಡಪ್ಪ, ಇಲ್ಲದಿದ್ದರೆ ಕಚೇರಿಯ ಮುಂದೆ ಬೇವಿನ ಮರದಡಿ ಅರ್ಜಿ ಬರೆಯುವ ಅಮೀನ್‌ಸಾಬ್ ಮತ್ತು ಅವನ ಅಪ್ಪನ ಕಾಲದ ಸಾರಂಗಿ.

ಆ ಬಲಗಡೆಯ ಚಾಪೆ ಅಮರಗುಂಡಪ್ಪನವರ ಪಾಲಿಗೆ ಸಾಕ್ಷಾತ್ ಸಿಂಹಾಸನ. ಕಚೇರಿಯಲ್ಲಿ ಅವರು ಎಲ್ಲರ ಮುಂದೆ ಎದ್ದು ನಿಲ್ಲಬೇಕು, ಮನೆಯಲ್ಲಿ ಗುರುಲಿಂಗಮ್ಮನವರ ಮುಂದೆ. ಕೂತಲ್ಲಿಂದ ಏಳದೆ ಇರಬಹುದಾದ ಜಾಗ ಭೂಮಿಯ ಮೇಲೆ ಅದೊಂದೇ ಆಗಿತ್ತು. ಅದು ಹೋದರೆ ತಾವು ಏನೂ ಅಲ್ಲವೆಂಬ ಭಯ ಅವರಿಗೆ ನಿಜವಾಗಿಯೂ ಇತ್ತು.

ಇಂಥ ಸಂಕಟದಲ್ಲಿದ್ದಾಗಲೇ ಕಚೇರಿಯವರು ಅವರನ್ನು ಯಾವುದೋ ಕಾಗದಕ್ಕೆ ಸಹಿ ತರಲು ಹಟ್ಟಿಯ ಚಿನ್ನದ ಗಣಿಗೆ ಕಳಿಸಿದರು. ಗಣಿ ಮತ್ತೆ ಶುರುವಾಗಿದ್ದ ದಿನಗಳು ಅವು. ಬಂಗಲೆಯ ಇಂಗ್ಲಿಷ್ ದೊರೆ ತನ್ನ ದೇಶಕ್ಕೆ ಹೊರಟು ನಿಂತಿದ್ದ. ಅವನ ಎಡಗೈಯ ಎರಡು ಬೆರಳು ಗಣಿಯಲ್ಲಿ ಜಜ್ಜಿಹೋಗಿ ಮಡಚುತ್ತಿರಲಿಲ್ಲ. ಹಾಗಾಗಿ ಅವನ ಪಿಟೀಲು ಮೂಲೆಯಲ್ಲಿ ಸುಮ್ಮನೆ ಕೂತಿತ್ತು. ಬಂಗಲೆಯ ಬಟ್ಲರ್ ಲಾಲಪ್ಪ ದೊರೆಯ ಮಾತನ್ನು ಕನ್ನಡಕ್ಕೆ ತಿರುಗಿಸಿ ಹೇಳಿದ. ಇದು ಇಟಲಿ ದೇಶದ ಕ್ರೆಮೋನಾ ಎಂಬ ಊರಲ್ಲಿ ಒಬ್ಬನೇ ಕುಶಲಕರ್ಮಿ ಕೂತು ಕೈಯಿಂದಲೇ ಕೆತ್ತಿದ್ದು. ಮುಂದಿನ ಹಲಗೆ ಒಂದು ಜಾತಿಯ ಮರ, ಹಿಂದಿನದು ಇನ್ನೊಂದು. ವರ್ಷಗಟ್ಟಲೆ ಒಣಗಿಸಿದ್ದು. ಬಾರಿಸಿದಷ್ಟೂ ಕಂಠ ಬಲಿಯುತ್ತದೆ. ಕಮಾನು ಉಸಿರಿನಷ್ಟು ತಾಗಿದರೂ ಮಾತಾಡುತ್ತದೆ, ಎಷ್ಟು ಮೆಲ್ಲಗೆ ನುಡಿಸಿದರೂ ಕಟ್ಟಕಡೆಯ ಸಾಲಿನವನಿಗೆ ಕೇಳುತ್ತದೆ.

ಕೊನೆಗೆ ಲಾಲಪ್ಪ ಒಂದು ಮಾತು ಕೂಡಿಸಿದ. “ದೊರಿ ಹೇಳಾಕತ್ತಾರ್ರಿ, ಈ ಪಿಟೀಲು ಏನೂ ಮುಚ್ಚಿಡೂದಿಲ್ಲಂತ. ಬಾರಿಸಾವನ ಕೈಯಾಗ ಏನೈತಿ, ಅಷ್ಟೂ ಹೊರಗ ಹಾಕತೈತಂತ.”

ಅಮರಗುಂಡಪ್ಪನವರು ಇದನ್ನು ಹೊಗಳಿಕೆ ಎಂದು ತಿಳಿದು ಕೈ ಮುಗಿದರು.

ಅಷ್ಟರಲ್ಲಿ ದೊರೆಸಾನಿ ಅಂಗಳಕ್ಕೆ ಬಂದಳು. ಅವಳ ಕಣ್ಣು ನೆಟ್ಟದ್ದು ಅಮರಗುಂಡಪ್ಪನವರ ಮೇಲಲ್ಲ (ನೆಡುವಂಥದ್ದೂ ಅಲ್ಲಿ ಇರಲಿಲ್ಲ), ಬಂಡಿಯಲ್ಲಿ ಅವರ ಬೆನ್ನಿಗೆ ಮೆತ್ತಗಿರಲೆಂದು ಹಾಸಿದ್ದ ಕೌದಿಯ ಮೇಲೆ. ಗುರುಲಿಂಗಮ್ಮನವರು ನಾಲ್ಕು ಬೇಸಿಗೆ ಕೂತು ಹೊಲಿದ ಕೌದಿ ಅದು. ಅದರ ಅಂಚಿಗೆ ಅವರ ತಾಯಿ ಕೊನೆಗೆ ಉಟ್ಟ ಸೀರೆಯ ಸೆರಗಿತ್ತು, ನಡುವೆ ಮಕ್ಕಳ ಕುಂಚಿಗೆಗಳ ತುಂಡುಗಳಿದ್ದವು, ಒಂದು ಮೂಲೆಯಲ್ಲಿ ಗಂಡನ ಹಳೆಯ ರುಮಾಲೂ ಇತ್ತು. ದೊರೆಸಾನಿ ಅದರ ಒಂದೊಂದು ಹೊಲಿಗೆಯನ್ನೂ ಬೆರಳಲ್ಲಿ ಸವರಿ ನೋಡಿ ಗಂಡನ ಕಿವಿಯಲ್ಲಿ ಏನೋ ಹೇಳಿದಳು. ಅದೂ ಕೈಕೆಲಸ, ಇದೂ ಕೈಕೆಲಸ, ಬದಲಾಯಿಸಿಕೊಳ್ಳೋಣವೇ ಎಂದು ದೊರೆ ಕೇಳಿದ. ಅಮರಗುಂಡಪ್ಪನವರು ಹೆಂಡತಿಯನ್ನು ನೆನೆದು ಕೌದಿಯ ಅಂಚನ್ನು ಬಿಗಿಯಾಗಿ ಹಿಡಿದುಕೊಂಡರು. ಆಮೇಲೆ ಚಾಪೆಯನ್ನು ನೆನೆದು ಕೌದಿ ಮಡಚಿ ಕೊಟ್ಟರು. ಬಂಗಲೆಯ ಮುನ್ಷಿ ಉರ್ದುವಿನಲ್ಲಿ ಒಂದು ಚೀಟಿ ಬರೆದು ಪೆಟ್ಟಿಗೆಯೊಳಗೆ ಇಟ್ಟ.

ಮನೆಗೆ ಬಂದವರು ಕೌದಿಯನ್ನು ಮಸ್ಕಿಯ ಅಕ್ಕನ ಮನೆಯಲ್ಲಿ ಬಿಟ್ಟು ಬಂದೆನೆಂದರು. ಹಟ್ಟಿಗೆ ಹೋದವರು ಮಸ್ಕಿಗೆ ಯಾಕೆ ಹೋದಿರಿ ಎಂದು ಗುರುಲಿಂಗಮ್ಮ ಕೇಳಿದರು. ಎತ್ತು ಆ ಕಡೆ ಎಳೆಯಿತು ಎಂದರು ಅಹಲ್ಕಾರರು. ಪಿಟೀಲನ್ನು ದೊರೆ ಮೆಚ್ಚಿ ಕೊಟ್ಟನಂತೆ. ಗುರುಲಿಂಗಮ್ಮ ಆ ಹೊತ್ತಿಗೆ ಹೆಚ್ಚು ಕೇಳಲಿಲ್ಲ, ಅದೇ ಗಂಡನಿಗೆ ಹೆದರಿಕೆ ತಂದಿತು.

ಮರುದಿನದಿಂದ ಕಚೇರಿಯಲ್ಲಿ ಇಟಲಿಯ ಪಾರಾಯಣ. ಪಿಟೀಲಿನ ಬೆನ್ನಿನ ಮೇಲೆ ಹುಲಿಪಟ್ಟೆಯಂತೆ ಗೆರೆಗಳಿವೆ, ಅದರ ವಾರ್ನಿಶ್ ಜೇನುತುಪ್ಪದ ಬಣ್ಣ, ಕೊರಳು ಕೈಗೆ ತಾನಾಗಿ ಬಂದು ಕೂಡುತ್ತದೆ ಎಂದು ಕಂಡಕಂಡವರಿಗೆ ಹೇಳಿದರು. ಕೇಳಿ ಕೇಳಿ ಕುತೂಹಲ ತಡೆಯದೆ ಅಮೀನ್‌ಸಾಬ್ ಒಂದು ಮಧ್ಯಾಹ್ನ ಮನೆಗೇ ಬಂದ. ಅಮರಗುಂಡಪ್ಪನವರು ಕಚೇರಿಯಲ್ಲಿದ್ದರು. ಗುರುಲಿಂಗಮ್ಮ ಪೆಟ್ಟಿಗೆ ತೆರೆದು ತೋರಿಸಿದರು. ಪಿಟೀಲಿನ ಜೊತೆಗೆ ಚೀಟಿಯೂ ಕಂಡಿತು. ಅರ್ಜಿ ಬರೆಯುವವನ ಕಣ್ಣಿಗೆ ಕಾಗದ ಬಿದ್ದರೆ ಓದದೆ ಇರುತ್ತಾನೆಯೇ? ಅವನು ಗಟ್ಟಿಯಾಗಿ ಓದಿದ. “ಒಂದು ಕೌದಿ ತಗೊಂಡು ಒಂದು ಪಿಟೀಲು ಕೊಟ್ಟದ್ದು.” (ಅಹಲ್ಕಾರರಿಗೆ ತಮ್ಮ ಪೆಟ್ಟಿಗೆಯ ಕಾಗದವನ್ನು ಓದುವ ರೂಢಿ ಮೊದಲಿನಿಂದಲೂ ಇಲ್ಲ.)

ಗುರುಲಿಂಗಮ್ಮ ಅಲ್ಲೇ ಕುಸಿದು ಕೂತರು. ಅವರಿಗೆ ಮೊದಲು ಬಂದದ್ದು ಸಿಟ್ಟಲ್ಲ, ಅಳು. ತಾಯಿಯ ಸೆರಗು ಯಾರದೋ ಹಡಗಿನಲ್ಲಿ ಹೊರಟುಹೋಯಿತಲ್ಲ ಎಂದು ಕಣ್ಣೊರೆಸಿಕೊಂಡರು. ಅಮೀನ್‌ಸಾಬ್‌ಗೆ ಎದ್ದು ಹೋಗಬೇಕೋ ಮುಂದೆ ಓದಬೇಕೋ ತಿಳಿಯಲಿಲ್ಲ. ಏನೂ ತಿಳಿಯದಾಗ ಓದುವುದೇ ಅವನ ಕಸುಬಾದ್ದರಿಂದ ಓದಿದ.

ಇಲ್ಲಿ ಉರ್ದುವಿನ ಒಂದು ಗುಟ್ಟು ಹೇಳಬೇಕು. ಆ ಲಿಪಿಯಲ್ಲಿ ಶಬ್ದದ ನಡುವೆ ಬರುವ ‘ಲ’ ನೆಟ್ಟಗೆ ನಿಂತ ಒಂದು ಗೆರೆ. ಅದರ ನೆತ್ತಿಯ ಮೇಲೆ ಎರಡು ಗೀರು ಬಿದ್ದರೆ ಅದೇ ‘ಗ’. ಚಿಕ್ಕ ಸ್ವರಗಳನ್ನಂತೂ ಬರೆಯುವುದೇ ಇಲ್ಲ, ಓದುವವನೇ ದೊಡ್ಡ ಮನಸ್ಸು ಮಾಡಿ ಸೇರಿಸಿಕೊಳ್ಳಬೇಕು. ಮುನ್ಷಿಯ ಲೇಖನಿಯೋ, ಪಿಟೀಲಿನ ತಂತಿಯೋ, ಯಾವುದೋ ಒಂದು ಆ ಚೀಟಿಯ ಮೇಲೆ ಎರಡು ಗೀರು ಎಳೆದಿತ್ತು.

“ಮಾಡಿದ ಜಾಗ, ಕ... ರ... ಮ... ನ... ಏನೋ ಐತ್ರಿ ಅಕ್ಕಾರ. ಮುಂದ ಸಾಫ್ ಐತಿ. ಇಟಗಿ.”

ಗುರುಲಿಂಗಮ್ಮನವರ ಅಳು ನಿಂತಿತು. ಇಟಗಿ ಅವರ ತವರೂರು. “ಕೆರಿಮನಿ,” ಎಂದರು. “ಇಟಗಿ ಕೆರಿಮನಿ. ನಮ್ಮ ಕೆರಿಮನಿ ಬಡಿಗ್ಯಾರು.”

ಸಂಜೆ ಅಮರಗುಂಡಪ್ಪನವರು ಮನೆಗೆ ಬರುವಾಗ ಪಿಟೀಲು ದೇವರ ಮಾಡದ ಪಕ್ಕದಲ್ಲಿ ವಿಭೂತಿ ಹಚ್ಚಿಕೊಂಡು ಕೂತಿತ್ತು. ಕೌದಿಯ ವಿಷಯಕ್ಕೆ ಒಂದು ತಾಸು ಅರ್ಚನೆಯಾಯಿತು. ಅದನ್ನು ಅವರು ತಲೆ ತಗ್ಗಿಸಿ ಸ್ವೀಕರಿಸಿದರು. ಆದರೆ ಕೊನೆಯಲ್ಲಿ ಬಂದ ಕ್ಷಮಾದಾನ ಅವರಿಗೆ ಅರ್ಥವಾಗಲಿಲ್ಲ. ಕೌದಿ ಹೋದರೂ ತವರಿನ ಕೈ ಮಾಡಿದ ವಸ್ತು ಮನೆಗೆ ಬಂತು, ಹೋಗಲಿ ಎಂದರು ಹೆಂಡತಿ. ಅಮರಗುಂಡಪ್ಪನವರು ಇದು ಇಟಲಿ, ಸಮುದ್ರದಾಚೆಯ ದೇಶ, ದೊರೆಯೇ ಬಾಯಿಬಿಟ್ಟು ಹೇಳಿದ್ದಾನೆ ಎಂದು ತಿಳಿಸಿದರು. ಕಾಗದದಲ್ಲಿ ಇಟಗಿ ಎಂದು ಬರೆದಿರುವಾಗ ಬಾಯಿಮಾತಿಗೆ ಬೆಲೆಯೇನು ಎಂದು ಗುರುಲಿಂಗಮ್ಮ ಕೇಳಿದರು. ಕಚೇರಿಯಲ್ಲಿ ಇದೇ ಮಾತು ಹೇಳಿ ಎಷ್ಟೋ ಜನರನ್ನು ತಿರುಗಿ ಕಳಿಸಿದ್ದ ಅಹಲ್ಕಾರರು ರುಮಾಲು ಬಿಚ್ಚಿ ಗೂಟಕ್ಕೆ ಹಾಕಿದರು.

“ನಮ್ಮ ಇಟಗಿ ಗುಡಿ ನೋಡೀರಿಲ್ಲೋ?” ಎಂದರು ಆಕೆ. “ಕಲ್ಲಿನಾಗ ಹಂಗ ಬಳ್ಳಿ ಬಿಡಿಸ್ಯಾರ. ಕಟಿಗ್ಯಾಗ ಇಷ್ಟು ಮಾಡಾಕ ಬರೂದಿಲ್ಲೇನು ಅವರಿಗೆ?”

ಆ ಮೇಲಿನ ಒಂದೂವರೆ ತಿಂಗಳು ಅಮರಗುಂಡಪ್ಪನವರಿಗೆ ಎರಡು ಭೂಗೋಳ. ಮನೆಯಲ್ಲಿ ಇಟಗಿ ಎನ್ನದಿದ್ದರೆ ಕೌದಿಯ ಪ್ರಕರಣ ಮತ್ತೆ ಪೇಶಿಗೆ ಬರುತ್ತಿತ್ತು. ಕಚೇರಿಯಲ್ಲಿ ಇಟಲಿ ಎನ್ನದಿದ್ದರೆ ಮಾನ ಹೋಗುತ್ತಿತ್ತು. ಎರಡನ್ನೂ ಸಂಭಾಳಿಸಲು ಹೋಗಿ ತಾವೇ ಗೊಂದಲಕ್ಕೆ ಬಿದ್ದರು. ಒಂದು ದಿನ ಕಚೇರಿಯಲ್ಲಿ ಇಟಗಿ ಸಮುದ್ರದಾಚೆ ಇದೆ ಎಂದರು. ಇನ್ನೊಂದು ದಿನ ಊಟದ ಹೊತ್ತಿಗೆ, ನಿನ್ನ ಅಣ್ಣ ಇಟಲಿಯಿಂದ ಯಾವಾಗ ಬರುತ್ತಾನೆ ಎಂದು ಹೆಂಡತಿಯನ್ನು ಕೇಳಿ ಅರ್ಧ ರೊಟ್ಟಿಗೆ ಏಳಬೇಕಾಯಿತು. ಗುರುಲಿಂಗಮ್ಮನವರು ಓಣಿಯ ಹಾಜಿರಾಬೀಯಿಂದ ಹಿಡಿದು ಎಲ್ಲರಿಗೂ ತವರಿನ ಪಿಟೀಲು ತೋರಿಸಿ ಮುಗಿಸಿದ್ದರು. ಈ ಗದ್ದಲದಲ್ಲಿ ಅದನ್ನು ಬಾರಿಸಿ ನೋಡುವ ಕೆಲಸ ಮಾತ್ರ ಉಳಿದುಹೋಯಿತು. ಅಂಥ ಪಿಟೀಲಿಗೆ ಸಾಧನೆ ಬೇರೆ ಬೇಕೇ ಎಂದು ಅಮರಗುಂಡಪ್ಪನವರು ನೆಮ್ಮದಿಯಿಂದಿದ್ದರು.

ಶ್ರಾವಣ ಸೋಮವಾರ ಮಸ್ಕಿಯಲ್ಲಿ ಪ್ರಸಾದ ಮುಗಿದ ಮೇಲೆ ಮೇಳ ಕೂತಿತು. ಕರಿಬಸಯ್ಯನವರ ಬಲಗಡೆಯ ಚಾಪೆಯ ಮೇಲೆ ಅಮರಗುಂಡಪ್ಪನವರು ಹೊಸ ರುಮಾಲು ಸುತ್ತಿ ವಿರಾಜಮಾನರಾದರು. ಅಮೀನ್‌ಸಾಬ್ ತನ್ನ ಸಾರಂಗಿಯನ್ನು ಗವಸಿನಿಂದ ತೆಗೆಯದೆ ಕಂಬಕ್ಕೆ ಒರಗಿ ಕೂತ. ಕರಿಬಸಯ್ಯನವರು ಪದ ಎತ್ತಿದರು. ಅಹಲ್ಕಾರರು ಕಮಾನು ಎಳೆದರು.

ದೊರೆ ಸುಳ್ಳು ಹೇಳಿರಲಿಲ್ಲ. ಪಿಟೀಲು ಏನನ್ನೂ ಮುಚ್ಚಿಡಲಿಲ್ಲ. ಹಳೆಯ ಪಿಟೀಲಿನ ಗೊರಗೊರ ಸದ್ದಿನಲ್ಲಿ ಇಷ್ಟು ವರ್ಷ ಮರೆಯಾಗಿದ್ದ ತಪ್ಪುಗಳೆಲ್ಲ ಇಂದು ಮಿಂದು ಮಡಿಯುಟ್ಟು ಒಂದೊಂದಾಗಿ ಹೊರಗೆ ಬಂದವು. ಜಾರಿದ ಬೆರಳು ಜಾರಿದ ಹಾಗೇ ಕೇಳಿಸಿತು. ನಡುಗಿದ ಕೈ ನಡುಗಿದ ಹಾಗೇ ಕೇಳಿಸಿತು. ಗೊತ್ತಿಲ್ಲದ ಕಡೆ ಮೆಲ್ಲಗೆ ಎಳೆದು ಪಾರಾಗುವ ಅವರ ಹಳೆಯ ಉಪಾಯವೂ ಕೈಕೊಟ್ಟಿತು, ಏಕೆಂದರೆ ಮೆಲ್ಲಗೆ ಎಳೆದದ್ದು ಕಟ್ಟಕಡೆಗೆ ಚಪ್ಪಲಿ ಕಾಯುತ್ತಿದ್ದವನಿಗೂ ಸ್ಪಷ್ಟವಾಗಿ ಮುಟ್ಟಿ ಅವನು ಒಳಗೆ ಇಣುಕಿ ನೋಡಿದ. ಕರಿಬಸಯ್ಯನವರು ಎರಡನೆಯ ನುಡಿಗೆ ಹಾಡು ನಿಲ್ಲಿಸಿದರು.

ಎಲ್ಲರೂ ಅಮರಗುಂಡಪ್ಪನವರನ್ನು ನೋಡಿದರು. ಹನ್ನೆರಡು ವರ್ಷದ ಚಾಪೆ ಕಾಲಡಿಯಿಂದ ಸರಿಯುತ್ತಿರುವುದು ಅವರಿಗೆ ಗೊತ್ತಾಯಿತು. ಬಿರಡೆ ಬಿಗಿಯಾಗಿತ್ತು, ಕೂದಲು ಹೊಸದಾಗಿತ್ತು, ಹವೆ ಚೆನ್ನಾಗಿತ್ತು. ಮುಳುಗುವವನಿಗೆ ಕಂಡದ್ದು ಒಂದೇ ಒಂದು ಊರು.

“ಏನ್ ಮಾಡೂದ್ರಿ ಅಯ್ಯನವರ,” ಎಂದರು. “ಇದು ಇಟಲೀದಲ್ಲ ಬಿಡ್ರಿ. ಇಟಗಿ ಕೆರಿಮನಿ ಬಡಿಗ್ಯಾರು ಮಾಡಿದ್ದು. ನೊಗ, ಕುಂಟಿ ಮಾಡಾವ್ರ ಕೈಯಾಗ ಪಿಟೀಲು ಇನ್ನ ಹೆಂಗ ಆದೀತು?”

ಹೆಂಗಸರ ಕಡೆಯಿಂದ ಗುರುಲಿಂಗಮ್ಮ ಸೆರಗು ತಲೆಯ ಮೇಲೆ ಎಳೆದುಕೊಂಡು ಎದ್ದು ನಿಂತರು. ಧ್ವನಿ ಏರಿಸಲಿಲ್ಲ.

“ತಪ್ಪು ತಿಳಕೋಬ್ಯಾಡ್ರಿ ಅಯ್ಯನವರ. ಅದು ಇಟಲೀದೈತಿ. ಸಮುದ್ರದಾಚಿ ದೇಶ. ಹಟ್ಟಿ ದೊರಿ ಕೊಟ್ಟಾನ, ನನ್ನ ಕೌದಿ ತಗೊಂಡು ಕೊಟ್ಟಾನ. ಅದರಾಗ ಒಂದು ಕಸರಿಲ್ಲ. ಅಮೀನ್‌ಸಾಬ್, ತಮ್ಮಾ, ನೀ ಒಂದೀಟು ಬಾರಿಸಿ ತೋರಸು.”

ಅಮೀನ್‌ಸಾಬ್ ಹಿಂಜರಿದ. ಕರಿಬಸಯ್ಯನವರು ಕಣ್ಣಲ್ಲೇ ಹೂಂ ಅಂದರು. ಅವನು ಪಿಟೀಲನ್ನು ಸಾರಂಗಿಯ ಹಾಗೆ ನೆಟ್ಟಗೆ ತೊಡೆಯ ಮೇಲೆ ನಿಲ್ಲಿಸಿಕೊಂಡು, ತಂತಿಗಳನ್ನು ಒಂದೆರಡು ಸಲ ಮಾತಾಡಿಸಿ, ಅಯ್ಯನವರು ಬಿಟ್ಟ ನುಡಿಯನ್ನೇ ಎತ್ತಿದ. ಅವನಿಗೂ ಮೊದಲೆರಡು ಕಡೆ ಬೆರಳು ತಡವರಿಸಿತು. ಪಿಟೀಲು ಅದನ್ನೂ ಮುಚ್ಚಿಡಲಿಲ್ಲ. ಆದರೆ ಆಮೇಲೆ ಅವನ ಕೈಯಲ್ಲಿದ್ದದ್ದೆಲ್ಲ ಹೊರಗೆ ಬಂತು. ಅವನಪ್ಪನ ಸಾರಂಗಿ ಬಂತು, ಬೇವಿನ ಮರದಡಿ ಕೇಳಿದ ಊರ ಜನರ ಸಂಕಟಗಳೆಲ್ಲ ಬಂದವು. ಕರಿಬಸಯ್ಯನವರು ತಮಗೇ ತಿಳಿಯದಂತೆ ಹಾಡತೊಡಗಿದರು. ಅಮರಗುಂಡಪ್ಪನವರಿಗೂ, ಸುಳ್ಳೇಕೆ ಹೇಳಬೇಕು, ಕಣ್ಣಲ್ಲಿ ನೀರು ಬಂತು. ಅದು ಭಕ್ತಿಗೋ ಚಾಪೆಗೋ ಎಂಬುದು ಅವರಿಗೇ ಗೊತ್ತಾಗಲಿಲ್ಲ. ಯಾರೋ ಅವರ ಕೈಗೆ ತಾಳ ಕೊಟ್ಟು ಹಿಂದಿನ ಸಾಲಿನಲ್ಲಿ ಕೂಡಿಸಿದರು.

ತಿರುಗಿ ಬರುವಾಗ ಬಂಡಿಯಲ್ಲಿ ಬೆನ್ನಿಗೆ ಏನೂ ಇರಲಿಲ್ಲ, ಹಲಗೆ ಒತ್ತುತ್ತಿತ್ತು. ಅಮರಗುಂಡಪ್ಪನವರು ಬೆನ್ನು ಸರಿಸಿ ಕೂತು ಮೆಲ್ಲಗೆ ಕೇಳಿದರು, “ಹಂಗಾರ ಅದು ಇಟಲೀದು ಅಂತ ನಿನಗ ಗೊತ್ತಿತ್ತೇನು?”

“ಇಟಲೀದೋ ಇಟಗೀದೋ, ಶಿವನಿಗೆ ಗೊತ್ತು,” ಎಂದರು ಗುರುಲಿಂಗಮ್ಮ. “ಬಾರಿಸಾವ್ರು ಎಲ್ಲಿಯವ್ರು ಅಂತ ಮಾತ್ರ ಮಸ್ಕಿ ಮಂದಿಗೆಲ್ಲ ಗೊತ್ತಾತು.”

ಈಗ ಪಿಟೀಲು ಗುರುಲಿಂಗಮ್ಮನವರದು. ದಿನಾ ಸಂಜೆ ಅಮೀನ್‌ಸಾಬ್ ಬಂದು ಕಟ್ಟೆಯ ಮೇಲೆ ಸಾಧನೆ ಮಾಡುತ್ತಾನೆ, ಓಣಿಯವರು ಅದನ್ನು ಸಂಗೀತವೆಂದೇ ಕರೆಯುತ್ತಾರೆ. ಪಡಸಾಲೆಯಲ್ಲಿ ಅಮರಗುಂಡಪ್ಪನವರು ಕಾಲು ಚಾಚಿ ಕೂತು ಹಳೆಯ ಬಟ್ಟೆಯ ತುಂಡುಗಳನ್ನು ಜೋಡಿಸಿ ಕೌದಿ ಹೊಲಿಯುತ್ತಾರೆ. ನಾಲ್ಕು ಬೇಸಿಗೆಯ ಶಿಕ್ಷೆ. ಮೊದಲ ವಾರವೇ ಹೊಲಿಗೆ ಒಂದು ಗೇಣು ಅಡ್ಡ ಹೋಯಿತು, ಬೆರಳಿಗೆ ಮೂರು ಸಲ ಚುಚ್ಚಿತು. ಅವರು ಸೂಜಿಯನ್ನು ಬೆಳಕಿಗೆ ಹಿಡಿದು ಅತ್ತಿತ್ತ ತಿರುಗಿಸಿ ನೋಡಿ, ಈ ಸೂಜಿ ಸರಿಯಿಲ್ಲ ಎಂದು ಗೊಣಗಿದರು.

ಅಡುಗೆಮನೆಯೊಳಗಿಂದ ಗುರುಲಿಂಗಮ್ಮ ಕೇಳಿದರು, “ಎಲ್ಲಿ ಮಾಡಿದ್ದೈತ್ರಿ ಸೂಜಿ?”