ಸಿಕ್ಕಿದ ಸೋಫಾ, ಸಿಕ್ಕಿಬಿದ್ದ ನಾನು

ಇನ್ನು ಮುಂದೆ ನನ್ನ ಮನೆಗೆ ಬಂದವರು ಯಾರೂ ನೆಲದ ಮೇಲೆ ಕೂರಬಾರದೆಂದು ನಾನು ಘೋಷಿಸಿದ್ದು ಒಂದು ಭಾನುವಾರ ಬೆಳಿಗ್ಗೆ. ಓದಲೆಂದು ಪರದೇಶಕ್ಕೆ ಬಂದು, ಅರ್ಧ ವಿದ್ಯಾರ್ಥಿಗಳೂ ಅರ್ಧ ಸಂಸಾರಸ್ಥರೂ ಇದ್ದ ಹಳೆಯ ಕಟ್ಟಡದ ಮೂರನೇ ಮಹಡಿಯಲ್ಲಿ ಸಂಸಾರ ಹೂಡಿದ್ದ ನಮಗೆ ಇದ್ದದ್ದು ಒಂದೇ ಕುರ್ಚಿ. ಅದರ ಮೇಲೆ ನಾನು ಕೂತರೆ ಹೆಂಡತಿ ನಿಲ್ಲಬೇಕು. ಅವಳು ಕೂತರೆ ನನ್ನ ಸಂಶೋಧನೆ ನಿಲ್ಲಬೇಕು.

ಓದು ಮುಗಿಸಿ ಊರು ಬಿಡುವವರು ಬೇಡವಾದ ಸಾಮಾನನ್ನು ಫುಟ್‌ಪಾತಿನಲ್ಲಿಟ್ಟು ಹೋಗುತ್ತಿದ್ದರು, ಬೇಕಾದವರು ಎತ್ತಿಕೊಳ್ಳಬಹುದಿತ್ತು. ಘೋಷಣೆ ಮುಗಿಸಿ ಕಿಟಕಿಯಿಂದ ಇಣುಕಿದರೆ, ಕೆಳಗೊಂದು ಹಸಿರು ಸೋಫಾ ಸಾಕ್ಷಾತ್ ನನಗಾಗಿಯೇ ಅವತರಿಸಿ ನಿಂತಿತ್ತು!

ಮೆಟ್ಟಿಲ ತಿರುವಿನಲ್ಲಿ ಅದು ಹಿಡಿಸುವುದಿಲ್ಲ ಎಂದಳು ಹೆಂಡತಿ. ಸೇತುವೆಗಳ ಭಾರದ ಬಗ್ಗೆ ಮಹಾಪ್ರಬಂಧ ಬರೆಯುತ್ತಿರುವವನಿಗೆ ಸೋಫಾದ ಪಾಠ ಹೇಳಬೇಡ ಎಂದೆ.

ಮೊದಲ ಮಹಡಿ ಹೇಗೋ ದಾಟಿದೆವು. ಆಮೇಲೆ ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು. ಎತ್ತು ಯಾರು, ಕೋಣ ಯಾರು ಎಂಬ ಬಗ್ಗೆ ನಮ್ಮಲ್ಲಿ ಇಂದಿಗೂ ಭಿನ್ನಾಭಿಪ್ರಾಯವಿದೆ. ಎರಡನೇ ಮಹಡಿಯ ತಿರುವಿನಲ್ಲಿ ಸೋಫಾ ಅಡ್ಡಡ್ಡ ಕಚ್ಚಿಕೊಂಡಿತು. ಅದರ ಮೇಲಿನ ತುದಿಯಲ್ಲಿ ನಾನು, ಕೆಳಗಿನ ತುದಿಯಲ್ಲಿ ಅವಳು.

“ಇದು ಸೋಫಾ ಅಲ್ಲ ರೀ, ಶಾಪ,” ಎಂದಳು.

ಅಷ್ಟರಲ್ಲಿ ಡ್ಯೂಟಿಗೆ ಹೊರಟ ಮೇಲಿನ ಮನೆಯ ನರ್ಸ್ ಬಂದಳು. ಒಂದು ಕ್ಷಣ ನೋಡಿ, ಚಪ್ಪಲಿ ಕೈಯಲ್ಲಿ ಹಿಡಿದು ಸೋಫಾದ ಮೇಲೆಯೇ ನಡೆದು ದಾಟಿದಳು. ಅವಳ ಹಿಂದೆ ಬಂದ ಸಂಗೀತದ ವಿದ್ಯಾರ್ಥಿಯ ಬೆನ್ನಿಗೆ ಅವನಿಗಿಂತ ಎತ್ತರದ ವಾದ್ಯದ ಪೆಟ್ಟಿಗೆ. ದಾಟಲಾರದೆ ಅವನು ಸೋಫಾದ ಮೇಲೆಯೇ ಕೂತುಬಿಟ್ಟ. ಕೆಳಗೆ ತರಕಾರಿ ಚೀಲ ಹಿಡಿದವರ ಸಾಲು. ಕೊನೆಗೆ ಕಟ್ಟಡದ ಮೇಲ್ವಿಚಾರಕ ಬಂದು ಇದು ಯಾರದೆಂದು ಕೇಳಿದ. ಸಣ್ಣ ತಪ್ಪಿಗೂ ಮನೆ ಖಾಲಿ ಮಾಡಿಸುವುದರಲ್ಲಿ ಎತ್ತಿದ ಕೈ ಅವನದು. ಆದರೂ ಅಷ್ಟು ಜನರ ಮುಂದೆ ತಲೆ ತಗ್ಗಿಸಲಾದೀತೇ? ಎದೆಯುಬ್ಬಿಸಿ ನಮ್ಮದೇ ಎಂದೆ.

“ಹೌದಾ?” ಎಂಬ ದನಿ ಕೆಳಗಿನಿಂದ ಬಂತು. ನೆಲಮಹಡಿಗೆ ಹೊಸದಾಗಿ ಬಂದಿದ್ದ ಅಜ್ಜ. ಕೈಯಲ್ಲಿ ನೆಲ ಒರೆಸುವ ಒದ್ದೆ ಬಟ್ಟೆ. “ನೆಲ ಒರೆಸೋಣ ಅಂತ ನಾನೂ ನನ್ನ ಸೋಫಾನ ಹೊರಗಿಟ್ಟಿದ್ದೆ. ಅದೂ ಥೇಟ್ ಹಿಂಗೇ ಇತ್ತು.”

ನಾನು ಇಂಗು ತಿಂದ ಮಂಗನಾದೆ. ಕಳ್ಳನೆಂಬ ಬಿರುದು, ಮೇಲ್ವಿಚಾರಕನ ನೋಟಿಸು, ಅರ್ಧಕ್ಕೇ ನಿಂತ ಓದು, ಎಲ್ಲವೂ ಕಣ್ಣೆದುರು ಮೆರವಣಿಗೆ ಹೊರಟವು.

“ನೀವು ಬಾಯಿ ತೆಗೀಬೇಡಿ,” ಎಂದು ಹೆಂಡತಿ ನಮ್ಮ ಭಾಷೆಯಲ್ಲಿ, ನಗುನಗುತ್ತಲೇ ನನಗೆ ಅಪ್ಪಣೆಯಿತ್ತು ಅಜ್ಜನತ್ತ ತಿರುಗಿದಳು. ಮಳೆ ಬರುವ ಹಾಗಿತ್ತಲ್ಲ ಅಜ್ಜ. ಪಾಪ, ಯಾರದೋ ಸೋಫಾ ನೆನೆಯುತ್ತದೆಂದು ಇವರು ಒಳಗೆ ತಂದರು. ನಮ್ಮದೇ ಎಂದರೆ ನಮ್ಮ ಕಟ್ಟಡದವರದೇ ಎಂದರ್ಥ. ಇಲ್ಲಿನ ಭಾಷೆ ಇವರಿಗೆ ಇನ್ನೂ ಅಷ್ಟಕ್ಕಷ್ಟೆ ಎಂದಳು.

ಅಜ್ಜ ಸೋಫಾ ನೋಡಿದರು, ನನ್ನನ್ನು ನೋಡಿದರು. “ಅದಕ್ಕೆ ಎರಡನೇ ಮಹಡಿ ತನಕ ತರಬೇಕಿತ್ತಾ?”

“ಇವರು ಏನು ಮಾಡಿದರೂ ಸ್ವಲ್ಪ ಜಾಸ್ತೀನೇ, ಅಜ್ಜ.”

ಅಜ್ಜ ನಕ್ಕರು. ಹುಡುಗ ಒಳ್ಳೆಯವನೆಂದು ಹೇಳಿ ಮೇಲ್ವಿಚಾರಕನನ್ನೂ ಸಾಗಹಾಕಿದರು. ಮಧ್ಯಾಹ್ನದವರೆಗೆ ಹೆಣಗಿ ಸೋಫಾವನ್ನು ಅವರ ಮನೆಗೆ ಇಳಿಸಿದೆವು. ಮುದುಕರು ಎಂಥ ಮುಗ್ಧರು ಎಂದು ನಗುತ್ತಲೇ ನಾನು ಮಹಡಿ ಹತ್ತಿದೆ.

ಮುಂದಿನ ವಾರ ಯಾರೋ ಬಾಗಿಲು ತಟ್ಟಿದರು. ತೆರೆದರೆ ಅಜ್ಜ. ಕಿಟಕಿಯಾಚೆ ಒಂದು ಚೂರು ಮೋಡವೂ ಇಲ್ಲದ ಸುಡು ಬಿಸಿಲು.

“ನನ್ನ ಮಗಳು ನಾಲ್ಕನೇ ಮಹಡಿಗೆ ಬರ್ತಿದ್ದಾಳೆ. ಅವಳ ಮಂಚ, ಬೀರು, ಫ್ರಿಜ್ಜು ಎಲ್ಲಾ ಬೀದೀಲೇ ಇದೆ,” ಎಂದರು ಅವರು, ಮುಖದಲ್ಲಿ ಒಂದು ಗೆರೆಯೂ ಅಲುಗದೆ. “ಮಳೆ ಬರೋ ಹಾಗಿದೆ, ಬೇಗ ಬಾರಪ್ಪ.”