ಪೇಟದ ಹಿಂದಿನ ಅರ್ಧ ಮುಖ

ಸತ್ತವರ ಫೋಟೋ ಮಾಡಿಕೊಡೋ ಅಂಗಡೀಲಿ ನಗು ಬರಬಾರದು, ನನಗೂ ಗೊತ್ತು. ಆದರೆ ಗುಂಡ್ಲುಪೇಟೆಯ ನನ್ನ ಸ್ಟುಡಿಯೋದಲ್ಲಿ ವಾರಕ್ಕೊಂದು ಸಲವಾದರೂ ಬಂದೇ ಬರುತ್ತಿತ್ತು, ಹಾಳಾದ್ದು. ಕಂಪ್ಯೂಟರು, ಸ್ಕ್ಯಾನರು ನಮ್ಮೂರಿಗೆ ಹೊಸದಾಗಿ ಬಂದಿದ್ದ ಕಾಲ ಅದು. ಮದುವೆ ಫೋಟೋ ತೆಗೆಯೋಕೆ ಬಸ್ ಸ್ಟ್ಯಾಂಡ್ ಸುತ್ತ ನಾಲ್ಕು ಜನ ಇದ್ದೆವು. ಆದರೆ ಹರಿದದ್ದು, ಮಾಸಿದ್ದು, ಗುಂಪಿನಲ್ಲಿ ಕಡಲೆಕಾಳಿನಷ್ಟು ಕಾಣೋ ಮುಖ, ಇವನ್ನೆಲ್ಲ ಫೋಟೋಶಾಪಿನಲ್ಲಿ ಸರಿಮಾಡಿ ಗೋಡೆಗೆ ತೂಗುಹಾಕೋ ಹಾಗೆ ಮಾಡಿಕೊಡೋನು ನಾನೊಬ್ಬನೇ. ಹಾಗಂತ ನಾನೇ ಬೋರ್ಡು ಬರೆಸಿದ್ದೆ.

೧. ನಗಿಸಿ ಕೊಡಿ

ಮದ್ದೂರಿನ ಕಡೆಯಿಂದ ಒಬ್ಬ ಬಂದ. ತೀರಿಕೊಂಡ ಅಪ್ಪನ ಫೋಟೋ ಕೊಟ್ಟು, "ಅಣ್ಣ, ನಮ್ಮಪ್ಪ ಸಿಡುಕು ಮೋರೇಲಿ ಕೂತದೆ. ಒಂಚೂರು ನಗಿಸಿ ಕೊಡಿ" ಅಂದ. ನನಗೋ ಕೈಚಳಕ ತೋರಿಸೋ ಹುಚ್ಚು. ತುಟಿಯ ಎರಡೂ ತುದಿ ಎತ್ತಿದೆ, ಕೆನ್ನೆ ಉಬ್ಬಿಸಿದೆ, ಹಲ್ಲು ನಾಲ್ಕು ಕಾಣೋ ಹಾಗೆ ಮಾಡಿದೆ. ಮಗನಿಗೆ ಬಹಳ ಖುಷಿಯಾಯ್ತು. ಅಮ್ಮನನ್ನೂ ಕರಕೊಂಡು ಬಂದ. ಆಯಮ್ಮ ಫೋಟೋನ ದೂರ ಹಿಡಿದು ನೋಡಿದರು, ಹತ್ತಿರ ಹಿಡಿದು ನೋಡಿದರು.

"ಬಾಳ ಚೆನ್ನಾಗದೆ ಕಣ್ಲಾ ಮಗ," ಅಂದರು. "ಇವ್ರು ಯಾರು?"

೨. ಬೀಗರ ಪೇಟ

ಈ ಮಾತೆಲ್ಲ ಸುಮ್ಮನೆ ತಮಾಷೆ. ನಾನು ನಿಜವಾಗಿ ಹೇಳಬೇಕಾದ್ದು ಉಡಿಗಾಲದ ಒಬ್ಬ ಅಮ್ಮನ ವಿಷಯ. ಅರವತ್ತು ದಾಟಿದ ಹೆಂಗಸು. ಕೈಚೀಲದೊಳಗೆ ಪ್ಲಾಸ್ಟಿಕ್ ಕವರು, ಕವರಿನೊಳಗೆ ಹಳೇ ಪಂಚೆಯ ತುಂಡು, ಅದರೊಳಗೆ ಒಂದು ಮದುವೆಯ ಗ್ರೂಪ್ ಫೋಟೋ.

"ನಿಮ್ಮ ಯಜಮಾನ್ರು ಯಾರಮ್ಮ ಇದರಲ್ಲಿ?"

ಬೆರಳನ್ನು ಒಂದು ದೊಡ್ಡ ಪೇಟದ ಮೇಲೆ ಇಟ್ಟರು.

"ಪೇಟದೋರಾ?"

"ಅಯ್ಯೋ, ಅದು ಬೀಗ್ರು ಕಣಪ್ಪ. ಅವ್ರ ಹಿಂದಕ್ಕೆ ನೋಡು."

ನೋಡಿದೆ. ಪೇಟದ ಹಿಂದಿನಿಂದ ಒಂದು ಕಣ್ಣು, ಅರ್ಧ ಮೂಗು, ಅರ್ಧ ಮೀಸೆ, ಕೆನ್ನೆ ಮೇಲೊಂದು ಮಚ್ಚೆ, ಒಂದು ಕಿವಿ. ಮುಖದ ಬಲಭಾಗ ಮಾತ್ರ. ಎಡಭಾಗ ಪೂರ್ತಿ ಬೀಗರ ಪೇಟದ ಪಾಲು.

"ಬೇರೆ ಫೋಟೋ ಇಲ್ವೇನಮ್ಮ?"

"ಫೋಟೋ ಹಿಡಿಯೋರು ಬಂದ್ರೆ ಹೊಲಕ್ಕೆ ಓಗ್ಬುಡೋರು."

"ಓಟಿನ ಕಾರ್ಡು?"

"ಅದ್ರಲ್ಲಿ ಮಸಿ ಬುಟ್ರೆ ಏನೂ ಇಲ್ಲ."

ಹಿರಿಯರಿಗೆ ಎಡೆ ಇಡೋ ಮಾರ್ಲಮಿ ಹಬ್ಬಕ್ಕೆ ಇನ್ನು ಮೂರು ವಾರ ಇತ್ತು. ಗಂಡ ಹೋದಮೇಲೆ ಅದೇ ಮೊದಲನೇ ಎಡೆ. "ಯಾರ ಮುಂದೆ ಇಕ್ಕನ ಹೇಳು? ಗೋಡೆ ಮುಂದೆ ಇಕ್ಕನ?" ಅಂದರು. ಚಾಮರಾಜನಗರದ ಸ್ಟುಡಿಯೋದವರು ಅರ್ಧ ಮುಖದಲ್ಲಿ ಏನೂ ಮಾಡೋಕಾಗಲ್ಲ ಅಂತ ವಾಪಸು ಕಳಿಸಿದ್ದರಂತೆ. ನನಗೆ ಅಷ್ಟು ಸಾಕಾಯ್ತು ನೋಡಿ! ಒಪ್ಪಿಕೊಂಡುಬಿಟ್ಟೆ.

"ಪೇಟದ ಹಿಂದಿನ ಅರ್ಧ ಹೆಂಗಿತ್ತಮ್ಮ?"

ಆಯಮ್ಮ ಪಂಚೆಯ ತುಂಡನ್ನು ಮಡಿಸುತ್ತಾ, "ಎಲ್ರಿಗೂ ಇರೋ ಹಂಗೇ ಮಾಡಪ್ಪ" ಅಂದರು.

ಸುಲಭದ ಕೆಲಸ. ಇದ್ದ ಅರ್ಧವನ್ನು ನಕಲು ಮಾಡಿ, ಕನ್ನಡಿಯಲ್ಲಿ ಕಾಣೋ ಹಾಗೆ ಮಗುಚಿ, ಪಕ್ಕಕ್ಕೆ ಅಂಟಿಸಿ, ಮೂಗಿನ ಮೇಲಿನ ಗೆರೆ ಅಳಿಸಿದೆ. ಮುಖ ಪೂರ್ತಿ ಆಯ್ತು. ಆದರೆ ಕೆನ್ನೆಯ ಮೇಲೊಂದು ಮಚ್ಚೆ ಇತ್ತಲ್ಲ, ಅದೂ ಎರಡಾಗಿತ್ತು. ನಾನು ಗಮನಿಸಿರಲಿಲ್ಲ.

"ಏನಪ್ಪ ನೀನು!" ಅಂದರು ನೋಡೋಕೆ ಬಂದ ಆಯಮ್ಮ. "ಇದ್ದ ಒಂದು ಮಚ್ಚೆಗೇ ನಾನು ಅದೃಷ್ಟವಂತ ಅಂತ ಕುಣಿಯೋರು. ಎರಡಿದ್ದಿದ್ರೆ ಹಿಡಿಯಕ್ಕಾಯ್ತಿತ್ತಾ?"

೩. ಬೂದು ಬಣ್ಣದ ಕೋಟು

ಒಂದು ಮಚ್ಚೆ ಅಳಿಸಿದೆ. ಗ್ರೂಪ್ ಫೋಟೋದಲ್ಲಿ ಅವರಿಗೆ ಮೈಯೇ ಇರಲಿಲ್ಲವಲ್ಲ, ಅದಕ್ಕೂ ನನ್ನ ಹತ್ತಿರ ವ್ಯವಸ್ಥೆ ಇತ್ತು. ಕಂಪ್ಯೂಟರಿನಲ್ಲಿ ಒಂದು ಫೋಲ್ಡರು ತುಂಬ ಬರೀ ಮೈಗಳು: ಕೋಟು, ಜುಬ್ಬ, ರೇಷ್ಮೆ ಸೀರೆ. ಗಂಡಸರಿಗೆ ಬೂದು ಬಣ್ಣದ ಕೋಟೇ ಚೆಂದ ಕೂರುತ್ತಿತ್ತು. ಹಾಗಾಗಿ ಸುತ್ತಮುತ್ತಲಿನ ಊರುಗಳಲ್ಲಿ ಸತ್ತ ಗಂಡಸರಿಗೆಲ್ಲ ಅದೇ ಕೋಟು, ಅದೇ ಟೈ. ಇವರಿಗೂ ಅದನ್ನೇ ತೊಡಿಸಿದೆ.

ಎರಡನೇ ಸಲ ನೋಡೋಕೆ ಬಂದ ಆಯಮ್ಮ ಮುಖದ ಕಡೆ ನೋಡಲೇ ಇಲ್ಲ. "ಈ ಕೋಟ ಎಲ್ಲೋ ನೋಡಿವ್ನಲ್ಲ" ಅಂದರು.

"ನಮ್ಮ ಪಕ್ಕದ ಮನೆಯೋನು ಹೋದ ವರ್ಷ ತೀರ್ಕಂಡ. ಅವ್ನ ಫೋಟೋ ನೀನೇ ಮಾಡಿದ್ದಾ?"

"ಇರಬಹುದಮ್ಮ."

"ಹೊಲದ ಬದಿನ ಜಗಳದಲ್ಲಿ ಇಬ್ರೂ ಹದಿನೆಂಟು ವರ್ಷ ಮಾತಾಡ್ಲಿಲ್ಲ ಕಣಪ್ಪ. ಬದುಕಿರೋಗಂಟ ಅವ್ನ ಬಾವಿ ನೀರ ಮುಟ್ಲಿಲ್ಲ. ಈಗ ಅವ್ನ ಕೋಟ ಇಕ್ಕಂಡು ಕೂತವ್ರಲ್ಲ!"

೪. ಎಡಗಡೆ

ಕೋಟು ಬಿಚ್ಚಿಸಿ ಬಿಳೀ ಅಂಗಿ ತೊಡಿಸಿ, ಹೆಗಲಿಗೆ ಟವೆಲ್ ಹಾಕಿದೆ. ಮೂರನೇ ಸಲ ಬಂದು ಕಿವಿ ದೊಡ್ಡದಾಯ್ತು ಅಂದರು. ಚಿಕ್ಕದು ಮಾಡಿದೆ. ನಾಲ್ಕನೇ ಸಲ ಬಂದು ಕೂದಲು ಜಾಸ್ತಿ ಆಯ್ತು ಅಂದರು. ಹಣೆ ಅಗಲ ಮಾಡಿದೆ. ಐದನೇ ಸಲ ಬಂದಾಗ ಮಾರ್ಲಮಿಗೆ ಎರಡೇ ದಿನ. ಸುಮ್ಮನೆ ನೋಡುತ್ತ ಕೂತರು. ಏನು ತಪ್ಪು ಅಂತ ಹೇಳರು, ಸರಿಯಿದೆ ಅಂತಲೂ ಹೇಳರು. ನನಗೆ ರೇಗಿಹೋಯ್ತು. ನನ್ನ ಕೋಪ ಮೊದಲೇ ಮೂಗಿನ ತುದಿಯಲ್ಲಿರುತ್ತೆ.

"ಇನ್ನೇನಮ್ಮ ಮಾಡಲಿ ನಾನು? ಎದ್ದು ಮಾತಾಡಬೇಕಾ ಅವರು?" ಅಂದುಬಿಟ್ಟೆ.

ಅಂದ ಮೇಲೆ ಅಯ್ಯೋ ಅನ್ನಿಸಿತು. ಆಯಮ್ಮ ಸೆರಗಿನಲ್ಲಿ ಮುಖ ಒರೆಸಿಕೊಂಡರು.

"ನಿಂದೇನೂ ತಪ್ಪಿಲ್ಲ ಕಣಪ್ಪ. ನಂದೇ. ಅವ್ರಿಗೆ ಎಡಗಣ್ಣು ಇರ್ಲಿಲ್ಲ. ಚಿಕ್ಕೋರಿದ್ದಾಗ ಜೋಳ ಕುಯ್ದ ಕೂಳೆ ಚುಚ್ಚಿ ಹೋಗಿತ್ತು. ಅದಕ್ಕೇ ಫೋಟೋ ಅಂದ್ರೆ ಓಡೋರು. ಮಗಳ ಮದ್ವೇಲೂ ಬೇಕಂತ್ಲೇ ಬೀಗ್ರ ಪೇಟದ ಹಿಂದಕ್ಕೆ ನಿಂತ್ಕಂಡ್ರು."

"ಮೊದಲೇ ಹೇಳಬಾರದಿತ್ತಾ ಅಮ್ಮ?"

"ಫೋಟೋದಲ್ಲಾದ್ರೂ ಎರಡು ಕಣ್ಣಿರ್ಲಿ, ಒಂದ್ಸಲ ನೋಡನ ಅಂತ ಆಸೆ ಬಿತ್ತು. ನೀನು ಚೆಂದಾಗೇ ಮಾಡಿದ್ದೀಯ. ಆದ್ರೆ ಯಾರೋ ನೆಂಟ್ರು ಬಂದು ಕೂತಂಗದೆ. ಇವ್ರ ಮುಂದೆ ಎಡೆ ಇಕ್ಬುಟ್ರೆ ನಮ್ಮೋರು ಎಲ್ಲಿ ಉಣ್ಬೇಕು?"

ನಾನು ಮೌಸ್ ಬಿಟ್ಟು ಅವರ ಕಡೆ ತಿರುಗಿದೆ. ಆಯಮ್ಮನೇ ಮಾತು ಮುಂದುವರಿಸಿದರು.

"ಹೆಣ್ಣು ನೋಡಕ್ಕೆ ಬಂದಾಗ ಕಂಬದ ಮರೇಲಿ ಕೂತಿದ್ರು. ಪಾಪ, ನಾಚಿಕೆ ಜಾಸ್ತಿ ಅಂದ್ಕಂಡೊ. ಮದ್ವೆ ಆದ್ಮೇಲೆ ನೋಡಿ ಮೂರು ದಿನ ಅತ್ತೆ. ನಾಕನೇ ದಿನ ಏನಂದ್ರು ಗೊತ್ತಾ? ‘ಅಳಬ್ಯಾಡ ಕಣಮ್ಮಿ. ನೀನು ಏಟು ಕ್ವಾಪ ಮಾಡ್ಕಂಡ್ರೂ ನಂಗೆ ಅರ್ಧನೇ ಕಾಣದು.’"

ಇಬ್ಬರೂ ನಕ್ಕೆವು. ನಗುತ್ತಾ ನಗುತ್ತಾ ಆಯಮ್ಮನಿಗೆ ಅಳು ಬಂತು. ನಾನೂ ಅತ್ತೆ, ಅದರಲ್ಲಿ ಮುಚ್ಚಿಡೋದೇನಿದೆ.

ಕುರ್ಚಿ ಎಳೆದು ನನ್ನ ಪಕ್ಕದಲ್ಲೇ ಕೂರಿಸಿಕೊಂಡೆ. ಅವರು ಹೇಳುತ್ತಾ ಹೋದರು, ನಾನು ಮೌಸ್ ಆಡಿಸುತ್ತಾ ಹೋದೆ. ರೆಪ್ಪೆ ಇಳಿಸು. ಇನ್ನೊಂಚೂರು. ಒಳಕ್ಕೆ ಕುಸಿದಂಗಿತ್ತು. ಹುಬ್ಬಿನ ಕೆಳಗೆ ಒಂದು ಗಾಯದ ಗೆರೆ. ಅಷ್ಟುದ್ದ ಅಲ್ಲ. ಸಾಕು, ಸಾಕು.

ಇದ್ದಕ್ಕಿದ್ದಂತೆ ಆಯಮ್ಮ ಎದ್ದು ನಿಂತು ತಲೆ ಮೇಲೆ ಸೆರಗು ಎಳೆದುಕೊಂಡರು. "ಬಂದ್ರು" ಅಂದರು.

ಅಲ್ಲೇ ಪ್ರಿಂಟ್ ತೆಗೆದು, ಪಕ್ಕದ ಅಂಗಡೀಲಿ ಕಟ್ಟು ಹಾಕಿಸಿ ತಂದುಕೊಟ್ಟೆ. ಪೇಪರಿನಲ್ಲಿ ಸುತ್ತಿ ಕೊಡ್ತೀನಿ ಅಂದರೆ ಬೇಡ ಅಂದರು. ಮುಖ ಮುಂದಕ್ಕೆ ಬರೋ ಹಾಗೆ ಎದೆಗವಚಿಕೊಂಡು ಹೊರಟರು. ನಮ್ಮ ಸ್ಟುಡಿಯೋದ ಬಾಗಿಲಿನ ಒಂದು ರೆಕ್ಕೆ ಯಾವಾಗಲೂ ಅರ್ಧ ಮುಚ್ಚಿಕೊಂಡಿರುತ್ತೆ. ಹೊಸ್ತಿಲ ಹತ್ತಿರ ನಿಂತು, ಫೋಟೋನ ಒಂಚೂರು ಬಲಕ್ಕೆ ಸರಿಸಿ, "ಎಡಗಡೆ ಬಾಗ್ಲು ಅದೆ. ತಗುಲ್ಸ್ಕಂಡ್ಬುಟ್ಟೀರಿ, ಹುಷಾರು" ಅಂದರು.

"ಆಯ್ತಮ್ಮ" ಅಂದೆ.

"ನಿಂಗಲ್ಲ ಕಣಪ್ಪ" ಅಂದರು.