ಹೆಂಡತಿಯ ಮೋಟಾರ್ ಸೈಕಲ್ಲಿನ ಹಸಿರು ನೀರು

ಕೆಲವರಿಗೆ ಹಾವು ಕಂಡರೆ ಅಂಜಿಕೆ, ಕೆಲವರಿಗೆ ಕತ್ತಲೆ ಕಂಡರೆ. ನನಗೆ ಕಾದು ಬಿಸಿಯಾದ ಯಾವುದನ್ನು ಕಂಡರೂ ಅಂಜಿಕೆ. ಕುಕ್ಕರು ಸೀಟಿ ಹೊಡೆಯುವ ಮುಂಚೆ ಉಸಿರೆಳೆದುಕೊಳ್ಳುತ್ತದಲ್ಲ, ಆಗ ನಾನೂ ಉಸಿರೆಳೆದುಕೊಂಡು ಹಿತ್ತಲಿಗೆ ಹೋಗಿ ನಿಲ್ಲುತ್ತೇನೆ. ಇದರಲ್ಲಿ ನನ್ನ ನೌಕರಿಯ ಪಾಲೂ ಇದೆ. ಹುಬ್ಬಳ್ಳಿಯ ಒಂದು ವಿಮಾ ಕಚೇರಿಯಲ್ಲಿ ಅಪಘಾತದ ಪರಿಹಾರ ಕೇಳಿ ಬರುವ ಅರ್ಜಿಗಳನ್ನು ಓದುವುದು ನನ್ನ ಕೆಲಸ. ಮನುಷ್ಯ ಎಷ್ಟು ಸುಲಭವಾಗಿ, ಎಂಥೆಂಥ ಕ್ಷುಲ್ಲಕ ಕಾರಣಗಳಿಗೆ ಆಸ್ಪತ್ರೆ ಸೇರುತ್ತಾನೆ ಎಂಬುದನ್ನು ಬೆಳಗಿನಿಂದ ಸಂಜೆಯವರೆಗೆ ಓದಿ ಮನೆಗೆ ಬಂದವನಿಗೆ ತನ್ನ ಮನೆಯ ಬಚ್ಚಲ ಕಲ್ಲು ಕೂಡ ಸಂಚು ಹೂಡಿದಂತೆ ಕಾಣುತ್ತದೆ.

ಇಂಥವನ ಹೆಂಡತಿ ಶೈಲಾ ಪಾಲಿಟೆಕ್ನಿಕ್ಕಿನಲ್ಲಿ ಹುಡುಗರಿಗೆ ಎಂಜಿನ್ ಬಿಚ್ಚುವುದನ್ನು ಕಲಿಸುತ್ತಾಳೆ. ಹೆಣ್ಣು ನೋಡಲು ಹೋದ ದಿನ ಅವಳು ನಮ್ಮಪ್ಪನ ಹಳೇ ಸ್ಕೂಟರಿನ ಸಪ್ಪಳ ಕೇಳಿಯೇ ಅದರ ರೋಗ ಹೇಳಿದ್ದಳು. ಅಪ್ಪ ಅಲ್ಲೇ ಸಂಬಂಧ ಗಟ್ಟಿ ಮಾಡಿಬಿಟ್ಟರು. ಎರಡು ಸಾವಿರದ ಇಸವಿ ದಾಟಿದ ಮೇಲೆ, ನಾವು ಬೈರಿದೇವರಕೊಪ್ಪದಲ್ಲಿ ಸ್ವಂತ ಮನೆ ಮಾಡಿಕೊಂಡ ಹೊಸತರಲ್ಲಿ, ಅವಳು ಕಾರವಾರದಿಂದ ವರ್ಗವಾಗಿ ಹೋಗುತ್ತಿದ್ದ ನೌಕಾದಳದ ಅಧಿಕಾರಿಯೊಬ್ಬರಿಂದ ಒಂದು ಪರದೇಶದ ರೇಸಿಂಗ್ ಮೋಟಾರ್ ಸೈಕಲ್ಲು ಕೊಂಡುತಂದಳು. ಕೆಂಪು ಬಣ್ಣ, ಜಿಗಿಯಲು ಕೂತ ಮಿಡತೆಯ ಮೈಕಟ್ಟು. ಹಿಂದಿನ ಸೀಟು ಎಂಬುದು ಅಂಗೈಯಗಲದ ದಿಂಬು. ನಾನು ಅದರ ಮೇಲೆ ಕೂತಾಗಲೆಲ್ಲ ಒಂದೇ ಮಾತು ಆಡುತ್ತಿದ್ದೆ: “ಸಾವಕಾಶ ಹೋಗು.” ಗಾಡಿ ಇನ್ನೂ ಸ್ಟ್ಯಾಂಡಿನ ಮೇಲಿದ್ದಾಗಲೂ ಒಮ್ಮೆ ಹಾಗೆ ಅಂದಿದ್ದೆನಂತೆ.

ಈ ಗಾಡಿಯ ಎಂಜಿನ್ ತಣ್ಣಗಿರಲು ಅದರ ಸುತ್ತ ಒಂದು ಹಸಿರು ನೀರು ಹರಿಯುತ್ತದೆ. ಕೂಲಂಟ್ ಅನ್ನುತ್ತಾರೆ. ಅದು ಹರಿಯಲು ರಬ್ಬರಿನ ಕೊಳವೆಗಳಿವೆ. ಆ ಬೇಸಿಗೆಯಲ್ಲಿ ಒಂದು ದಿನ ನವನಗರದ ಹತ್ತಿರ ನನ್ನ ಮೊಳಕಾಲ ಬುಡದಿಂದ ಉಗಿ ಎದ್ದಿತು. ಗಾಡಿ ನಿಲ್ಲುವ ಮೊದಲೇ ನಾನು ಇಳಿದಿದ್ದೆ. ಇಳಿದೆ ಅನ್ನುವುದಕ್ಕಿಂತ ಬಿದ್ದೆ ಅನ್ನುವುದು ಸರಿ. ಶೈಲಾ ಬಗ್ಗಿ ನೋಡಿ, “ಹೋಸ್ ಪೈಪು ಸೀಳ್ಯಾವು. ವಯಸ್ಸಾಗೇತಿ ಅವಕ್ಕ. ಎಲ್ಲಾ ಬದಲಿ ಮಾಡೂನು,” ಅಂದಳು. ಸ್ನೇಹಿತೆಯೊಬ್ಬಳ ಮೂಲಕ ಪುಣೆಯಿಂದ ಹೊಸ ಕೊಳವೆಗಳು ಬಂದವು. ಒಂದು ರವಿವಾರ ಬೆಳಿಗ್ಗೆ ಅಂಗಳದಲ್ಲಿ ಶಸ್ತ್ರಚಿಕಿತ್ಸೆ ಶುರುವಾಯಿತು. ಸಹಾಯಕ ನಾನು.

ಅವತ್ತು ಮನೆಯಲ್ಲಿ ನಮ್ಮವ್ವನ ಜೊತೆಗೆ ಈರಪ್ಪ ಕಾಕಾನೂ ಇದ್ದರು. ನಮ್ಮಪ್ಪನ ತಮ್ಮ, ಉಪ್ಪಿನಬೆಟಗೇರಿಯಲ್ಲಿ ಸಾಲಿ ಮಾಸ್ತರರಾಗಿ ನಿವೃತ್ತರಾದವರು. ಹಿಂದಿನ ದಿನ ಒಂದು ಮದುವೆಗೆ ಬಂದು ನಮ್ಮಲ್ಲಿ ಉಳಿದಿದ್ದರು. ಕಾಕಾನಿಗೆ ಸಕ್ಕರೆ ಕಾಯಿಲೆ. ಸಿಹಿ ಮುಟ್ಟಬಾರದು ಎಂದು ಡಾಕ್ಟರು ಹೇಳಿದ ದಿನದಿಂದ ಅವರು ಯಾರೆದುರಿಗೂ ಸಿಹಿ ಮುಟ್ಟಿಲ್ಲ. ಯಾರೂ ಇಲ್ಲದಾಗ ಬಿಟ್ಟಿಲ್ಲ. ಅಡಿಗೆ ಮನೆಗೆ ಬೆಕ್ಕಿನಂತೆ ಹೋಗುತ್ತಾರೆ, ಸಿಕ್ಕಿದ್ದನ್ನು ಮುಗಿಸುತ್ತಾರೆ, ಆಮೇಲೆ ಪಾತ್ರೆಯನ್ನು ತೊಳೆದು, ಒರೆಸಿ, ಬೋರಲು ಹಾಕಿಡುತ್ತಾರೆ. ನಮ್ಮ ಮನೆಯಲ್ಲಿ ಒಂದು ಪಾತ್ರೆ ಅನಗತ್ಯವಾಗಿ ಸ್ವಚ್ಛವಾಗಿದ್ದರೆ ಕಾಕಾ ಬಂದುಹೋಗಿದ್ದಾರೆ ಎಂದೇ ಅರ್ಥ.

ಶೈಲಾ ಎಂಜಿನ್ ಪೂರ್ತಿ ಆರಿದೆ ಎಂದು ಖಾತ್ರಿ ಮಾಡಿಕೊಂಡು ಹಳೆಯ ಕೂಲಂಟನ್ನು ಒಂದು ಪ್ಲಾಸ್ಟಿಕ್ ಬೋಗುಣಿಗೆ ಇಳಿಸಿದಳು. ಅದು ಕೆಸರು ಬಣ್ಣಕ್ಕೆ ತಿರುಗಿತ್ತು. ಪಕ್ಕದ ಪುಟ್ಟ ಟ್ಯಾಂಕಿನಲ್ಲಿದ್ದದ್ದು ಮಾತ್ರ ತಿಳಿಯಾಗಿ, ಹಚ್ಚ ಹಸಿರಾಗಿ ಹೊಳೆಯುತ್ತಿತ್ತು. ಅದನ್ನು ಹಿಡಿಯಲು ನಾನು ಅಡಿಗೆ ಮನೆಯಿಂದ ಒಂದು ಸ್ಟೀಲಿನ ಲೋಟ ತಂದುಕೊಟ್ಟೆ. ಪಕ್ಕದ ಮನೆಯ ನಾಯಿ ಮೂಸುತ್ತ ಬಂತು. “ಅದನ್ನ ನಾಯಿಗೆ ಸಿಗದಂಗ ಇಡ್ರಿ,” ಅಂದಳು ಶೈಲಾ. “ಕುಡಿಯಾಕ ಸಿಹಿ ಇರ್ತೈತಿ. ಆದ್ರ ವಿಷ. ಮೊದಲ ನಿದ್ದಿ ಬಂದಂಗ ಆಗ್ತೈತಿ, ಆಮ್ಯಾಲ ಕಿಡ್ನಿ ಹೋಗ್ತಾವು.” ನಾನು ಲೋಟವನ್ನು ಒಯ್ದು ಅಡಿಗೆ ಮನೆಯ ಕಟ್ಟೆಯ ಮೇಲಿಟ್ಟು ಬಂದೆ. ನಾಯಿಗೆ ಅಲ್ಲಿ ಖಂಡಿತ ಸಿಗುತ್ತಿರಲಿಲ್ಲ.

ಹಳೆಯ ಕೊಳವೆಗಳು ಲೋಹಕ್ಕೆ ಅಂಟಿಕೊಂಡು ಬರಲೊಲ್ಲವು. ಶೈಲಾ ಬ್ಲೇಡಿನಿಂದ ಸೀಳಿ ಸುಲಿದಳು. ಹೊಸವನ್ನು ಕೂಡಿಸಿ, ಅವನ್ನು ಹಿಡಿದಿಡುವ ಲೋಹದ ಪಟ್ಟಿಗಳನ್ನು ಬಿಗಿದು, ಹೊಸ ಹಸಿರು ನೀರು ತುಂಬಿ ಎಂಜಿನ್ ಚಾಲು ಮಾಡಿದಳು. ಒಳಗೆ ಗಾಳಿಯ ಗುಳ್ಳೆ ಉಳಿಯಬಾರದಂತೆ. ಅದಕ್ಕಾಗಿ ಕೊಳವೆಯನ್ನು ಮೆಲ್ಲಗೆ ಹಿಚುಕುತ್ತಿರಬೇಕು. ಆ ಕೆಲಸ ನನ್ನ ಪಾಲಿಗೆ ಬಂತು. ಕೈಯೊಳಗೆ ಕೊಳವೆ ಬೆಚ್ಚಗಾಗುತ್ತ ಬಂದ ಹಾಗೆ ನಾನು ತಣ್ಣಗಾಗುತ್ತ ಹೋದೆ. ನಾನು ಕಣ್ಣು ಮುಚ್ಚಿಕೊಂಡು ಹಿಚುಕುತ್ತಿದ್ದಾಗಲೇ ಕಾಕಾ ಚೀಲ ಹಿಡಿದು ಹೊರಗೆ ಬಂದು, “ನಾ ಇನ್ನ ಬರ್ತೇನ್ರಪಾ, ಬಸ್ಸಿನ ಹೊತ್ತಾತು,” ಎಂದು ಹೇಳಿ ಹೋದರು. ಶೈಲಾ ಎಂಜಿನ್ ಆರಿಸಿ, “ಆ ಲೋಟಾ ತರ್ರಿ, ಎಲ್ಲಾ ಒಂದ ಕ್ಯಾನಿಗೆ ಹಾಕಿ ಮುಚ್ಚಿಡೂನು,” ಅಂದಳು.

ಅಡಿಗೆ ಮನೆಯ ಕಟ್ಟೆಯ ಮೇಲೆ ಲೋಟ ಇತ್ತು. ತೊಳೆದು, ಒರೆಸಿ, ಬೋರಲು ಹಾಕಿ ಇಟ್ಟಿತ್ತು.

ಅವ್ವನನ್ನು ಕೇಳೋಣವೆಂದರೆ ಅವಳು ಓಣಿಯ ಹೆಂಗಸರ ಜೊತೆ ಭಜನೆಗೆ ಹೋಗಿದ್ದಳು, ಯಾರ ಮನೆಗೆ ಎಂಬುದು ಗೊತ್ತಿಲ್ಲ. ಬೇಸಿಗೆಯಲ್ಲಿ ಅವ್ವ ಮಾಡುವ ಖಸ್ ಸರಬತ್ತೂ ಅದೇ ಹಸಿರು. ನಾನು ಓಡಿಬಂದು ಹೇಳಿದೆ. ಶೈಲಾಳ ಮುಖ ಬಿಳಚಿಕೊಂಡಿತು. ಅವಳು ಅಂಜಿದ್ದನ್ನು ನಾನು ನೋಡಿದ್ದು ಅದೇ ಮೊದಲು, ಅದು ನನ್ನ ಅಂಜಿಕೆಯನ್ನು ದುಪ್ಪಟ್ಟು ಮಾಡಿತು. ಕಾಕಾನ ಹತ್ತಿರ ಮೊಬೈಲಿಲ್ಲ. ಬಸ್ಸು ಧಾರವಾಡದ ಹಾದಿ ಹಿಡಿದಿರುತ್ತದೆ. ಅವರು ಕಿಟಕಿಗೆ ತಲೆಯಿಟ್ಟು ನಿದ್ದೆ ಹೋದರೆ ಅದು ಯಾವ ನಿದ್ದೆ ಎಂದು ಬಸ್ಸಿನಲ್ಲಿ ಯಾರಿಗೆ ತಿಳಿಯಬೇಕು? ಕಾಕಾ ನನಗೆ ಈಸು ಕಲಿಸಲು ನೋಡಿ ಸೋತವರು, ಸೈಕಲ್ ಕಲಿಸಲು ನೋಡಿ ಸೋತವರು, ಆದರೂ ಒಮ್ಮೆಯೂ ನನ್ನನ್ನು ಹಳಿಯದವರು. “ಕೂಡ್ರಿ,” ಅಂದಳು ಶೈಲಾ. “ಪೈಪು ಇನ್ನೂ ರಸ್ತೆ ಮ್ಯಾಲ ಪರೀಕ್ಷೆ ಆಗಿಲ್ಲ. ಆದ್ರ ಈಗ ಬ್ಯಾರೆ ದಾರಿ ಇಲ್ಲ.”

ಹುಬ್ಬಳ್ಳಿ-ಧಾರವಾಡ ರಸ್ತೆಯನ್ನು ನಾನು ಅಷ್ಟು ತೆಳ್ಳಗೆ ಎಂದೂ ನೋಡಿರಲಿಲ್ಲ. ಮರಗಳು ಒಂದಕ್ಕೊಂದು ಅಂಟಿಕೊಂಡು ಗೋಡೆಯಾದವು. ನನ್ನ ತೊಡೆಗಳ ನಡುವೆ ನಾನೇ ಹಿಚುಕಿದ ಕೊಳವೆಗಳು ಕಾಯುತ್ತಿದ್ದವು. ಅವು ಈಗ ಸಿಡಿಯುತ್ತವೆ, ಈಗ ಸಿಡಿಯುತ್ತವೆ ಎಂದು ನನಗೆ ಅನಿಸುತ್ತಲೇ ಇತ್ತು. ಹೀಗಿದ್ದೂ ನನ್ನ ಬಾಯಿಂದ ಬಂದ ಮಾತು, “ಇನ್ನೂ ಜೋರ್ ಹೊಡಿ.” ಶೈಲಾಗೆ ಕೇಳಿಸಲಿಲ್ಲವೋ, ನಂಬಲಿಲ್ಲವೋ. “ಏನಂದ್ರಿ?” ಅಂದಳು. ನಾನು ಅವಳ ಹೆಲ್ಮೆಟ್ಟಿಗೆ ಬಾಯಿ ಹಚ್ಚಿ ಮತ್ತೆ ಹೇಳಿದೆ.

ನವಲೂರಿನ ಆಚೆ ಉಪ್ಪಿನಬೆಟಗೇರಿಯ ಫಲಕ ಹೊತ್ತ ಬಸ್ಸು ಸಿಕ್ಕಿತು. ಶೈಲಾ ಅದನ್ನು ದಾಟಿ ಮುಂದೆ ಹೋಗಿ ಕೈ ಅಡ್ಡ ಹಿಡಿದಳು. ನಾನು ಬಸ್ಸು ಹತ್ತಿದೆ. ಕಾಕಾ ನಡುವಿನ ಸೀಟಿನಲ್ಲಿ, ಬಾಯಿ ತೆರೆದು, ಕುತ್ತಿಗೆ ಒಂದು ಕಡೆ ಬಾಗಿಸಿ ಕೂತಿದ್ದರು. ಎರಡೂ ಭುಜ ಹಿಡಿದು ಅಲುಗಾಡಿಸಿದೆ. ಅವರು ಕಣ್ಣು ತೆರೆಯುವವರೆಗೆ ನಾನು ಪಟ್ಟ ಸಂಕಟವನ್ನು ಬರೆಯಲಾರೆ.

“ಏನೋ ಇದು, ಧಾರವಾಡ ಬಂತೇನು?” ಅಂದರು ಕಾಕಾ.

“ಕಾಕಾ, ಖರೇ ಹೇಳ್ರಿ. ಅಡಿಗಿ ಮನ್ಯಾಗ ಲೋಟಾದಾಗಿಂದು ಕುಡಿದ್ರೇನು?”

“ನಾ ಏನೂ ಮುಟ್ಟಿಲ್ಲ,” ಎಂದು ಅವರು ಕಿಟಕಿಯ ಹೊರಗೆ ನೋಡಿದರು. ಅವರ ಈ ಮಾತಿಗೆ ನಮ್ಮ ಮನೆತನದಲ್ಲಿ ಯಾರೂ ಬೆಲೆ ಕೊಡುವುದಿಲ್ಲ. ನನ್ನ ಹಿಂದೆಯೇ ಬಂದಿದ್ದ ಶೈಲಾ ಅವರ ಕಾಲಬಳಿ ಕೂತು, “ಕಾಕಾ, ನಿಮ್ಮನ್ನ ಯಾರೂ ಬೈಯೂದಿಲ್ಲ. ಅದು ಗಾಡಿದು ವಿಷದ ನೀರು. ಕುಡಿದಿದ್ರ ಈಗ ಸೀದಾ ದವಾಖಾನಿಗೆ ಹೋಗೂನು,” ಅಂದಳು. ಇಡೀ ಬಸ್ಸು ಕಾಕಾನ ಬಾಯನ್ನೇ ನೋಡಿತು. ಅವರು ತಗ್ಗಿದ ದನಿಯಲ್ಲಿ, “ಕುಡಿದಿಲ್ಲ, ಯವ್ವಾ. ಡಬ್ಬಿಯೊಳಗಿನ ಬೇಸನ್ ಉಂಡಿ ತಿಂದೆ,” ಅಂದರು. “ಡಬ್ಬಿ ಖಾಲಿ ಆತು.”

ಆ ಹೊತ್ತಿಗೆ ಶೈಲಾಳ ಮೊಬೈಲು ರಿಂಗಾಯಿತು. ಅವ್ವ. ಬಾಗಿಲು ಹಾರು ಹೊಡೆದು ಎಲ್ಲಿ ಹೋದಿರಿ ಎಂದು ಮೊದಲು ಬೈದಳು. ಲೋಟದ ವಿಷಯ ಕೇಳಿದರೆ ಮತ್ತೂ ಬೈದಳು: “ಆ ಹೊಲಸು ಎಣ್ಣೀನ ನಾನ ಬಚ್ಚಲಕ್ಕ ಚೆಲ್ಲಿ, ಲೋಟಾ ಬೂದಿ ಹಚ್ಚಿ ತಿಕ್ಕಿಟ್ಟು ಹೋಗೇನಿ. ಉಣ್ಣೂ ಲೋಟಾದಾಗ ಯಾರರ ಅದನ್ನ ಹಿಡೀತಾರೇನು?” ಶೈಲಾ ಫೋನನ್ನು ನನ್ನ ಕಿವಿಗೂ ಹಿಡಿದಳು. ಜೀವಮಾನದಲ್ಲಿ ಬೈಗುಳ ಅಷ್ಟು ಇಂಪಾಗಿ ಕೇಳಿಸಿದ್ದಿಲ್ಲ.

ಕಂಡಕ್ಟರು ಹೊರಡಬೇಕೆಂದು ಗಂಟೆಯ ಹಗ್ಗ ಹಿಡಿದ. ಆದರೆ ಕಾಕಾ ಎದ್ದು ಬಾಗಿಲ ಕಡೆ ನಡೆದಿದ್ದರು. “ಇಷ್ಟ ದೂರ ಗಾಡಿ ತಂದಾಳ ಅಂದಮ್ಯಾಲ ನಾ ಯಾಕ ಬಸ್ಸಿನ್ಯಾಗ ಹೋಗ್ಲಿ? ಊರಾಗ ಒಮ್ಮಿ ಇಳೀತೇನಿ ಅದರ ಮ್ಯಾಲಿಂದ. ಜೋರ್ ಹೊಡೀಬೇಕು ನೋಡವಾ.” ನನ್ನ ಹೆಲ್ಮೆಟ್ಟು ಅವರ ತಲೆಗೆ ಹೋಯಿತು, ಅವರ ಚೀಲ ನನ್ನ ಕೈಗೆ ಬಂತು. “ಟಿಕೀಟಂತೂ ಐತಿ, ನೀವರ ಕೂಡ್ರಿ,” ಅಂದ ಕಂಡಕ್ಟರು. ಧೋತರದ ಚುಂಗು ಹಾರಿಸುತ್ತ ಕಾಕಾ ಕಣ್ಮರೆಯಾದದ್ದನ್ನು ನಾನು ಕಿಟಕಿಯಿಂದ ನೋಡಿದೆ. ನಿಜ ಹೇಳಬೇಕೆಂದರೆ ನನಗೆ ಹಾಯೆನಿಸಿತು. ನಾಲ್ಕು ಗಾಲಿಯ ಮೇಲೆ ಛಾವಣಿ ಇದೆ, ಹಿಡಿದುಕೊಳ್ಳಲು ಕಂಬಿ ಇದೆ.

ಪಕ್ಕದಲ್ಲಿ ಕೂತಿದ್ದ ಮುದುಕಿ ನನ್ನನ್ನು ಮೇಲಿಂದ ಕೆಳಗೆ ನೋಡಿ, “ಆಕಿ ನಿನ್ನ ಹೇಣ್ತೇನು?” ಅಂದಳು. ಹೌದೆಂದೆ. “ನಿನಗ ಹೊಡೀಲಿಕ್ಕೆ ಬರೂದಿಲ್ಲ?”

“ಅಂಜಿಕಿ ಬರ್ತೈತಿ, ಅಜ್ಜಿ. ನನಗ ಬಸ್ಸ ಛಲೋ.”

“ಹೌದ ಬಿಡು,” ಎಂದು ಅವಳು ಎಲೆಗೆ ಸುಣ್ಣ ಹಚ್ಚುತ್ತ ಸಮಾಧಾನದಿಂದ ಹೇಳಿದಳು. “ಆದ್ರ ಈ ಬಸ್ಸಿನ ಬ್ರೇಕು ಸರಿ ಹತ್ತೂದಿಲ್ಲಂತ. ಡ್ರೈವರ್ ಹುಬ್ಬಳ್ಳಿಯಿಂದ ಅದನ್ನ ಹೇಳಾಕತ್ತಾನ.”

ಉಪ್ಪಿನಬೆಟಗೇರಿ ಬರುವವರೆಗೆ ನಾನು ಮುಂದಿನ ಸೀಟಿನ ಕಂಬಿಯನ್ನು ಬಿಡಲಿಲ್ಲ. ಬಂದ ಮೇಲೂ ಕಂಡಕ್ಟರೇ ಬಂದು ನನ್ನ ಬೆರಳುಗಳನ್ನು ಒಂದೊಂದಾಗಿ ಬಿಡಿಸಬೇಕಾಯಿತು.